ಮೂರು ಪದರದ ಪಾಲು

ನಮ್ಮ ಕಲ್ಲಿನ ಕಣಿಯ ನಡುವಿನ ಬಾವಿಯಲ್ಲಿ ಇಣುಕಿದರೆ ಕಲ್ಲು ಪದರ ಪದರವಾಗಿ ಕಾಣುತ್ತಿತ್ತು. ಯಾರೋ ಪುಣ್ಯಾತ್ಮಳು ಸಾವಿರ ಮಂದಿಗೆ ಜೋಳದ ರೊಟ್ಟಿ ಬಡಿದು, ಒಂದರ ಮೇಲೊಂದು ಒಟ್ಟಿಟ್ಟು, ಉಣ್ಣುವವರು ಬಾರದೆ ಹೋದದ್ದರಿಂದ ಅವೆಲ್ಲ ಕಲ್ಲಾದಂತೆ. ಮೇಲಿನ ಒಟ್ಟಿಲು ಕೆಂಪು, ನಡುವಿನದು ಬೂದು, ನೀರಿನ ಹತ್ತಿರದ್ದು ನವಿಲಿನ ಕೊರಳಿನಂಥ ನೀಲಿ. ಅಪ್ಪ ಐವತ್ತು ವರ್ಷ ಹಾರೆ ಹಾಕಿದರೂ ಮುಗಿಸಿದ್ದು ಕೆಂಪು ಪದರದ ಒಂದು ಮೂಲೆಯನ್ನು ಮಾತ್ರ. ಊರಿನ ಅರ್ಧ ಮನೆಗಳ ನೆಲಕ್ಕೆ ಆ ಮೂಲೆಯದೇ ಹಾಸುಗಲ್ಲು. ಅವನು ಎಬ್ಬಿಸುತ್ತಿದ್ದ ಚಪ್ಪಡಿಯ ಮೇಲೆ ಆನೆ ಅಡ್ಡಡ್ಡ ಮಲಗಿದರೂ ಬಾಲ ಹೊರಗೆ ಬೀಳುತ್ತಿರಲಿಲ್ಲ. ಸುಳ್ಳೆನ್ನುವವರು ಆನೆ ತರಲಿ, ನಾನು ಚಪ್ಪಡಿ ತೋರಿಸುತ್ತೇನೆ.

ನಾನು ಗಂಡ ಸತ್ತ ಮೇಲೆ ತವರಿಗೆ ಬಂದವಳು. ಕಣಿಯ ಅಂಚಿನಲ್ಲಿ ಒಂದು ಗುಡಿಸಲು, ಒಂದು ಒಲೆ. ಇಪ್ಪತ್ತು ಆಳುಗಳಿಗೆ ಹದಿನೆಂಟು ವರ್ಷ ರೊಟ್ಟಿ ಬಡಿದೆ. ನನ್ನ ಇಬ್ಬರು ತಮ್ಮಂದಿರು ಅಷ್ಟೂ ವರ್ಷ ಊರೊಳಗಿನ ಮನೆಯ ಜಗಲಿಯಲ್ಲಿ ನೊಣ ಬಡಿದರು. ರಾಚಪ್ಪ ಕಣಿಗೆ ಬಂದರೆ ಕಲ್ಲು ಕಚ್ಚೀತೆಂಬಂತೆ ಧೋತರ ಎತ್ತಿ ಹಿಡಿದು ನಡೆಯುತ್ತಿದ್ದ. ಅವನ ಅಂಗೈ ಹೂರಣದ ಹೋಳಿಗೆಗಿಂತ ಮೆತ್ತಗೆ. ಚಿಕ್ಕವನು ಗುರಪಾದ ಏಳನೆಯ ಇಯತ್ತೆ ಕಲಿತವನು. ಆ ಏಳು ಇಯತ್ತೆಗಳ ಭಾರಕ್ಕೆ ಬೇರೆ ಏನನ್ನೂ ಎತ್ತಲಾಗದೆ, ಜೇಬಿನಲ್ಲಿ ಒಂದು ಪೆನ್ನು ಮಾತ್ರ ಹೊರುತ್ತಿದ್ದ.

ಅಪ್ಪ ಸಾಯುವ ಮುನ್ನ ಹತ್ತು ಹಿರಿಯರ ಮುಂದೆ ಹೇಳಿಬಿಟ್ಟಿದ್ದ: "ಕಣಿ ಮೂವರಿಗೂ ಸಮ." ಹೀಗಾಗಿ ನನ್ನನ್ನು ಬರಿಗೈಯಲ್ಲಿ ಅಟ್ಟುವುದು ಅವರಿಗೆ ಸಾಧ್ಯವಿರಲಿಲ್ಲ. ಕೊಟ್ಟೂ ಕೊಡದಂತೆ ಮಾಡುವ ಉಪಾಯ ಬೇಕಾಗಿತ್ತು. ಅಪ್ಪ ಬದುಕಿರುವಾಗ ಇಬ್ಬರ ತಲೆಯೂ ಇಷ್ಟು ಓಡಿದ್ದನ್ನು ನಾನು ನೋಡಿರಲಿಲ್ಲ.

ಕಾರ್ಯ ಮುಗಿದ ಮರುದಿನ ಪತ್ರ ಬರೆಯುವ ಭೀಮರಾಯನನ್ನು ಕರೆಸಿ ಜಗಲಿಯ ಮೇಲೆ ಕೂರಿಸಿದರು.

"ಅಕ್ಕಾ, ನೆಲಾ ಕಡದು ಹಂಚಿದ್ರ ಒಬ್ಬರಿಗೆ ಚಲೋದು, ಒಬ್ಬರಿಗೆ ಕೆಟ್ಟದ್ದು ಬರತೈತಿ," ಎಂದ ರಾಚಪ್ಪ. "ಅದಕ್ಕ ಪದರದ ಮ್ಯಾಲ ಹಂಚೂಣು. ಮ್ಯಾಲಿನ ಕೆಂಪು ನಂದು. ನಡುವಿನ ಬೂದು ಗುರಪಾದಂದು. ಅಡಿಯ ನೀಲಿ ನಿಂದು. ನೀಲಿ ಕಲ್ಲಂದ್ರ ಬಂಗಾರ ನೋಡು."

"ಬಂಗಾರ ಖರೆ. ಅದರ ಮಾರಿ ನೋಡಾಕ ನಾ ಎಷ್ಟು ಜನ್ಮ ಎತ್ತಿ ಬರಬೇಕಪ್ಪಾ?"

"ನಿನಗೇನು ಅವಸರ ಐತಿ ಯಕ್ಕಾ," ಎಂದ ಗುರಪಾದ. "ನಮ್ಮದು ಎತ್ತಿದ ಮ್ಯಾಲ ನಿಂದು ತಾನ ಬಿಚ್ಚಿಕೊಳ್ಳತೈತಿ. ಕುಂತು ಉಂಡಂಗ."

ಒಟ್ಟಿಲಿನ ಮೇಲಿನ ರೊಟ್ಟಿಗಳನ್ನು ಇಬ್ಬರೂ ತೆಗೆದುಕೊಂಡು, ಅಡಿಯದನ್ನು ನನಗೆ ತೋರಿಸಿದ್ದರು. ಅವರು ತಿಂದು ಮುಗಿಸುವಷ್ಟರಲ್ಲಿ ನನ್ನ ಮೂಳೆಯೂ ಮಣ್ಣಾಗಿರುತ್ತಿತ್ತು. ನಾನು ಜಗಳವಾಡುತ್ತೇನೆಂದು ಇಬ್ಬರೂ ಸೊಂಟ ಬಿಗಿದು ಕೂತಿದ್ದರು. ನಾನು ಭೀಮರಾಯನ ಕಡೆ ತಿರುಗಿದೆ.

"ಒಂದು ಮಾತು ಸೇರಸ್ರಿ. ಅವರವರ ಪದರ ಅವರವರದು. ಯಾವಾಗ ತಗೀತಾರ, ಯಾವ ಕಡಿಂದ ತಗೀತಾರ, ಒಬ್ಬರನ್ನೊಬ್ಬರು ಕೇಳಾಂಗಿಲ್ಲ, ತಡಿಯಾಂಗಿಲ್ಲ."

ತಮ್ಮಂದಿರು ಮುಖ ಮುಖ ನೋಡಿಕೊಂಡು ನಕ್ಕರು. ಅದು ತಮಗೇ ಒಳ್ಳೆಯದೆಂದು ಅವರಿಗೆ ಕಂಡಿತು. ನಾನು ಹೆಬ್ಬೆಟ್ಟು ಒತ್ತಿದೆ.

ಮುಂದೆ ನಡೆದದ್ದನ್ನು ನೋಡಿದ್ದರೆ ಅಪ್ಪ ಇನ್ನೊಮ್ಮೆ ಸಾಯುತ್ತಿದ್ದ. ರಾಚಪ್ಪ ತನ್ನ ಕೆಂಪು ಕಲ್ಲು ಎತ್ತಲಿಲ್ಲ. ಎತ್ತಿದರೆ ತಮ್ಮನ ಬೂದು ಕಲ್ಲು ಪುಕ್ಕಟೆ ಬಿಚ್ಚಿಕೊಳ್ಳುತ್ತದಲ್ಲ, ಆದ್ದರಿಂದ ಆಳುಗಳ ಕೂಲಿಯಲ್ಲಿ ಅರ್ಧ ಅವನು ಕೊಡಲಿ ಎಂದ. ಗುರಪಾದನೋ, ಅಣ್ಣನ ಆಳುಗಳು ಕಡೆಗೆ ನಿಲ್ಲುವುದು ತನ್ನ ಕಲ್ಲಿನ ಮೇಲೆ, ನಿಂತದ್ದಕ್ಕೆ ಅವನೇ ಬಾಡಿಗೆ ಕೊಡಲಿ ಎಂದ. ಆರು ತಿಂಗಳು ಒಬ್ಬ ಕೆಂಪಿನ ಮೇಲೆ ಕೂತ, ಇನ್ನೊಬ್ಬ ಅದು ಏಳಲೆಂದು ಕಾದು ಕೂತ. ಮೊಟ್ಟೆ ಹಾಕದೆ ಕಾವಿಗೆ ಕೂತ ಕೋಳಿಗಳು.

ಆಳುಗಳು ಬೇರೆ ಕಣಿ ಹುಡುಕಿಕೊಂಡು ಹೋದರು. ಆಳಿಲ್ಲದ ಮೇಲೆ ರೊಟ್ಟಿ ಯಾರಿಗೆ? ನನ್ನ ಒಲೆ ಆರಿತು. ರಾಚಪ್ಪ ಅದನ್ನೇ ಕಾಯುತ್ತಿದ್ದವನಂತೆ ಬಂದ.

"ಇಲ್ಲಿ ಒಬ್ಬಾಕಿನ ಯಾಕ ಇರ್ತೀ ಅಕ್ಕಾ? ನಮ್ಮ ಮನಿಗೆ ಬಾ. ಕೊಟ್ಟಿಗ್ಯಾಗ ಜಾಗಾ ಮಾಡಿಸೀನಿ. ಎಮ್ಮಿ ನೋಡಾಕೂ ಒಬ್ಬರು ಬೇಕಾಗ್ಯಾರ."

ಕಣಿಯನ್ನು ಬಿಟ್ಟು ಹೋದ ದಿನ ನನ್ನ ಪಾಲೂ ಹೋಯಿತೆಂದೇ ಲೆಕ್ಕ. ಒಂದೋ ನನ್ನ ಒಲೆ, ಇಲ್ಲವೇ ಅವನ ಎಮ್ಮೆ.

"ಎಮ್ಮಿನ್ನ ಕೇಳ್ಕೊಂಡು ಬಾ," ಎಂದೆ. "ಆಕಿಗೆ ನನ್ನ ಸ್ವಭಾವ ಒಗ್ಗತೈತೋ ಇಲ್ಲೋ."

ಅವನು ಹೋದ ಮೇಲೆ ಲಾಲಸಾಬನನ್ನು ಕರೆಸಿದೆ. ಅಪ್ಪನ ಜೊತೆ ಮೀಸೆ ಚಿಗುರುವ ಮೊದಲಿನಿಂದ ಕಲ್ಲು ಎಬ್ಬಿಸಿದವನು. ಅವನನ್ನು ಕಣಿ ಇರುವ ಗುಡ್ಡದ ಹಿಂದಿನ ಹಳ್ಳಕ್ಕೆ ಕರೆದುಕೊಂಡು ಹೋದೆ. ಒಬ್ಬರಿಗೊಬ್ಬರು ಕಾಣದಷ್ಟು ಜಾಲಿ ಬೆಳೆದಿತ್ತು. "ಇದನ್ನ ಕಡಿ," ಎಂದೆ. ಎರಡು ದಿನ ಕಡಿದ. ಮೂರನೆಯ ದಿನ ಕೊಡಲಿ ಕೆಳಗಿಟ್ಟು ದಂಡೆಯನ್ನು ಅಂಗೈಯಿಂದ ಸವರಿದ.

ಹಳ್ಳದ ದಂಡೆಯಲ್ಲಿ, ನನ್ನ ಸೊಂಟದೆತ್ತರಕ್ಕೆ, ನೀಲಿ ಪದರ ಬಾಯಿ ಬಿಟ್ಟುಕೊಂಡು ನಿಂತಿತ್ತು.

ಹುಡುಗಿಯಾಗಿದ್ದಾಗ ನಾನು ಅವ್ವನ ಜೊತೆ ಅಲ್ಲಿಯೇ ಬಟ್ಟೆ ಒಗೆಯುತ್ತಿದ್ದೆ. ಒಗೆಯುವ ಕಲ್ಲು ನೀಲಿ. ಈ ಇಬ್ಬರು ರಾಜಕುಮಾರರ ಅಂಗಿ, ಚೊಣ್ಣಗಳನ್ನೆಲ್ಲ ಅದರ ಮೇಲೆಯೇ ಬಡಿದದ್ದು. ಬಟ್ಟೆ ಒಗೆಯಲು ಹಳ್ಳಕ್ಕೆ ಇಳಿಯದ ಗಂಡಸರಿಗೆ ಆ ಕಲ್ಲು ಲೋಕದಲ್ಲೇ ಇರಲಿಲ್ಲ. ಅಡಿಯ ಪದರಕ್ಕೆ ಮೇಲಿನಿಂದ ಮಾತ್ರ ಇಳಿಯಬೇಕೆಂದು ನಂಬಿದ್ದರು, ಪಾಪ.

"ಅಮ್ಮಾ," ಎಂದ ಲಾಲಸಾಬ, "ಅಡ್ಡಕ್ಕ ತಗದ್ರ ಕಲ್ಲು ಬರತೈತಿ. ಆದ್ರ ಒಳಗ ಹೋದಂಗ ಮ್ಯಾಲಿನ ಎರಡು ಪದರಕ್ಕ ನೆಲಿ ಇರಾಂಗಿಲ್ಲ."

"ಮ್ಯಾಲಿಂದು ನಂದಲ್ಲ."

ಅವನು ಗಡ್ಡದೊಳಗೆ ನಕ್ಕ. "ಎರಡು ಮಾರು ಒಳಗ ಹೋಗತೀನಿ. ಅದರಾಚೆ ನೀವು ಹೇಳಿದ್ರೂ ಹೋಗಾಂಗಿಲ್ಲ."

"ಎರಡು ಮಾರು ಬಾಳ ಆತು," ಎಂದೆ.

ಮೊದಲ ಗಾಡಿ ನೀಲಿ ಕಲ್ಲು ಪೇಟೆಗೆ ಹೊರಟಾಗ, ಹತ್ತಿರದ ದಾರಿ ಬಿಟ್ಟು ರಾಚಪ್ಪನ ಮನೆಯ ಮುಂದಿನಿಂದ ಹೋಗಲು ಗಾಡಿಯವನಿಗೆ ಹೇಳಿದೆ. ನಿಧಾನವಾಗಿ ಹೋಗು ಎಂದೂ ಹೇಳಿದೆ. ಹೊತ್ತು ನೆತ್ತಿಗೆ ಬರುವ ಮೊದಲೇ ಇಬ್ಬರೂ ಹಳ್ಳದಲ್ಲಿದ್ದರು. ಹುಟ್ಟಿದ ಮೇಲೆ ಅವರು ಒಟ್ಟಿಗೆ ಓಡಿದ್ದು ಅದೇ ಮೊದಲು.

"ಅಕ್ಕಾ, ಇದೇನು ಮಾಡಾಕ ಹತ್ತೀ?" ಎಂದ ರಾಚಪ್ಪ. " ಮ್ಯಾಲ ನಮ್ಮ ಕಲ್ಲು ಬಿರುಕು ಬಿಟ್ಟೈತಿ. ಕುಸದು ಬಿತ್ತಂದ್ರ ಎಲ್ಲಾ ಜಲ್ಲಿ ಆಗತೈತಿ."

"ನನ್ನ ಪದರ ನಾ ತಗೋತೀನಿ. ನಿಮ್ಮ ಪದರ ನೀವು ಹಿಡ್ಕೊಳ್ರಿ."

"ಗಾಳ್ಯಾಗ ಹೆಂಗ ಹಿಡ್ಕೋಬೇಕು?"

"ಅದು ನಿಮ್ಮ ಸಂಸಾರ. ನನ್ನ ಕಲ್ಲು ನಿಮ್ಮ ಕಲ್ಲನ್ನ ಹೊರಬೇಕಂತ ಪತ್ರದಾಗ ಎಲ್ಲಿ ಬರದೈತಿ, ಓದಿ ಹೇಳು ಗುರಪಾದಾ. ನೀ ಕಲಿತಾಂವ."

ಗುರಪಾದ ಪತ್ರ ತೆಗೆದು ತುಟಿ ಅಲುಗಿಸುತ್ತ ಓದಿದ. ಮೊದಲಿನಿಂದ ಮತ್ತೊಮ್ಮೆ ಓದಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ.

"ಇಲ್ಲ," ಎಂದ.

ಮೇಲೆ ಎಲ್ಲೋ ಕಲ್ಲು 'ಟಿಕ್' ಎಂದಿತು. ರಾಚಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಏನು ಬೇಕು ನಿನಗ?" ಎಂದು ಕೇಳಿದ. ಅಪ್ಪ ಸತ್ತ ಮೇಲೆ ಯಾರಾದರೂ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಸುರಗಿ ತಗೊಂಡು ರೊಟ್ಟಿ ಒಟ್ಟಿಲ ಕೊಯ್ದಂಗ, ಕಣೀನ ಮ್ಯಾಲಿಂದ ತಳದ ತನಕ ಕೊಯ್ಯಬೇಕು. ಮೂರು ಭಾಗ. ನನ್ನ ಭಾಗದಾಗ ಕೆಂಪೂ ಬರಬೇಕು, ಬೂದೂ ಬರಬೇಕು, ನೀಲಿನೂ ಬರಬೇಕು. ನನ್ನ ಗುಡಿಸಲ ಅದರಾಗ ಇರಬೇಕು."

ಭೀಮರಾಯ ಮಸಿಕುಡಿಕೆ ಹಿಡಿದು ಹಳ್ಳಕ್ಕೇ ಬಂದ. ಹೊಸ ಪತ್ರವನ್ನು ಆ ಒಗೆಯುವ ಕಲ್ಲಿನ ಮೇಲಿಟ್ಟು ಬರೆದ. ಈ ಸಲ ಮೊದಲು ಅವರಿಬ್ಬರ ಸಹಿ, ಕೊನೆಗೆ ನನ್ನ ಹೆಬ್ಬೆಟ್ಟು.

ಇನ್ನು ಕಲ್ಲು ತೆಗೆದ ಜಾಗಕ್ಕೆ ಕಂಬ ಕೊಡಬೇಕಾಗಿತ್ತು. ಬೇವಿನ ದಿಮ್ಮಿಗಳು ಬಂದವು. ಆದರೆ ಬಿರುಕು ಬಿಟ್ಟ ಕಲ್ಲಿನ ಅಡಿಗೆ ಹೋಗಲು ಯಾವ ಆಳೂ ಒಪ್ಪಲಿಲ್ಲ. ಲಾಲಸಾಬ ಹೊರಗೆ ಕೂತು ಬೀಡಿ ಹಚ್ಚಿದ. "ಕಲ್ಲಿನ ಮಾಲಕರು ಹೋಗ್ಲಿ. ಎಲ್ಲಿ ಇಡಬೇಕಂತ ನಾ ಹೇಳತೀನಿ."

ರಾಚಪ್ಪ ಧೋತರವನ್ನು ಕಚ್ಚೆ ಹಾಕಿದ. ಗುರಪಾದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ. ಇಬ್ಬರೂ ದಿಮ್ಮಿ ಹೊತ್ತು ಬಗ್ಗಿಕೊಂಡು ಒಳಗೆ ಹೋದರು, ಮತ್ತೆ ಬಂದರು, ಮತ್ತೆ ಹೋದರು. ಸಂಜೆಯ ಹೊತ್ತಿಗೆ ಆರು ಕಂಬಗಳು ನಿಂತವು.

"ಆತು. ಹೊರಗ ಬರ್ರಿ," ಎಂದ ಲಾಲಸಾಬ.

ಬರಲಿಲ್ಲ. ನಾನು ಬಗ್ಗಿ ನೋಡಿದೆ. ಕಂಬಗಳ ನಡುವೆ ಇಬ್ಬರೂ ಎದುರುಬದುರು ನಿಂತು, ಮೇಲಿನ ಕಲ್ಲಿಗೆ ಅಂಗೈ ಕೊಟ್ಟಿದ್ದರು, ತಾವು ಬಿಟ್ಟರೆ ಗುಡ್ಡವೇ ಬೀಳುವುದೆಂಬಂತೆ.

"ಕೈ ತಗೀ," ಎಂದ ರಾಚಪ್ಪ.

"ಮೊದಲ ನೀ ತಗೀ," ಎಂದ ಗುರಪಾದ.

ಹಳ್ಳದ ಕಡೆಯಿಂದ ಇಳಿಬಿಸಿಲು ಒಳಗೆ ಹಾಯ್ದು, ಎತ್ತಿ ಹಿಡಿದ ಆ ನಾಲ್ಕು ಮೆತ್ತನೆಯ ಕೈಗಳ ಮೇಲೆ ಬಿದ್ದಿತ್ತು. ಬೆರಳ ಸಂದಿಯಿಂದ ಸಣ್ಣಗೆ ಕಲ್ಲಿನ ಪುಡಿ ಉದುರುತ್ತಿತ್ತು.