ಕೊನೆಯನ್ನು ಮೊದಲೇ ಹೇಳಿದವಳು

ನನ್ನ ನಾದಿನಿಯ ಜೊತೆ ಸಿನಿಮಾ ನೋಡುವಷ್ಟು ಗಟ್ಟಿ ಗುಂಡಿಗೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಪರದೆಯ ಮೇಲೆ ಹೆಸರುಗಳು ಮುಗಿಯುವ ಮೊದಲೇ, "ಇವನೇ ಕೊಲೆಗಾರ, ಬೇಕಾದ್ರೆ ನೋಡ್ತಿರಿ" ಎಂದು ಪಕ್ಕದವರ ಕಿವಿಗೆ ಊದುತ್ತಾಳೆ. ಊಹೆ ತಪ್ಪುವುದೂ ಇಲ್ಲ, ಅದೇ ಇನ್ನೂ ಕಷ್ಟ. ಒಡಹುಟ್ಟಿದ ಅಣ್ಣನಾಗಿಯೂ ನನ್ನ ಗಂಡ ಬೇರೆ ಸಾಲಿನಲ್ಲಿ ಹೋಗಿ ಕೂರುತ್ತಾನೆ.

ಇಂಥವಳು ಒಂದು ಚಿತ್ರಕಥೆ ಬರೆದಳು. ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೂತು "ಡಾಕ್ಟರು ಇನ್ನೇನು ಬಂದ್ಬಿಟ್ರು" ಎಂದು ದಿನವಿಡೀ ಸುಳ್ಳು ಹೇಳುವ ಕೆಲಸ ಅವಳದು. ಮನೆಗೆ ಬಂದ ಮೇಲೆ ಊಟದ ಮೇಜು ಒರೆಸಿ, ಅದರ ಮೇಲೇ ಬರೆಯುತ್ತಿದ್ದಳು. ಬರೆದದ್ದನ್ನು ಓದಲು ನನಗೆ ಕೊಟ್ಟಳು. ಓದಿ ಮುಗಿಸಿದವಳೇ ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅತ್ತಿಗೆಯಾದವಳು ನಾದಿನಿಯ ಮುಂದೆ ಅಳಬಾರದು. ಎಣ್ಣೆ ಸೀಗೆಕಾಯಿ ಸಂಬಂಧಕ್ಕೂ ಒಂದು ಮರ್ಯಾದೆ ಇದೆ.

ನನ್ನ ಕೆಲಸವನ್ನೂ ಹೇಳಿಬಿಡಬೇಕು. ಸ್ಟುಡಿಯೋ ಒಂದರಲ್ಲಿ ವರ್ಷಗಟ್ಟಲೆ ಚಿತ್ರಕಥೆ ಟೈಪು ಮಾಡಿ ಬೆರಳು ಸವೆಸಿದವಳು ನಾನು. ಈಗ ಹೊಸಬರ ಬರಹ ತಿದ್ದಿಸಿ ನಿರ್ಮಾಪಕರವರೆಗೆ ತಲುಪಿಸುತ್ತೇನೆ. ಮುಚ್ಚಿದ ಬಾಗಿಲು ತೆರೆಸುತ್ತೇನೆಂದು ಎಲ್ಲರೂ ನನ್ನನ್ನು ಬಾಗಿಲಕ್ಕ ಎನ್ನುತ್ತಾರೆ. ಒಳಗೆ ಹೋದವರು ಆಮೇಲೆ ತಿರುಗಿಯೂ ನೋಡುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಇರಲಿ, ಅದು ಬೇರೆ ಸಿಟ್ಟು.

ನಿರ್ಮಾಪಕರ ಭಾಷೆಗೆ ನನ್ನ ತಲೆಯಲ್ಲೇ ಒಂದು ನಿಘಂಟಿದೆ. "ನೋಡೋಣ" ಎಂದರೆ ಇಲ್ಲ. "ಚೆನ್ನಾಗಿದೆ" ಎಂದರೂ ಇಲ್ಲ, ಆದರೆ ನಿಮ್ಮನ್ನು ನೋಯಿಸುವ ಮನಸ್ಸಿಲ್ಲ. "ಇಟ್ಟು ಹೋಗಿ" ಎಂದರೆ ಇಲ್ಲ, ಕಾಗದ ಮಾತ್ರ ಏನಕ್ಕಾದರೂ ಆದೀತು. ಹೌದು ಎಂಬರ್ಥದ ಮಾತು ಅವರ ಬಾಯಲ್ಲಿ ಒಂದೇ ಒಂದು: "ಆಮೇಲೆ?" ಕಥೆ ಶುರುಮಾಡಿ ಸರಿಯಾದ ಜಾಗದಲ್ಲಿ ಬಾಯಿ ಮುಚ್ಚಿದರೆ ಅವರು "ಆಮೇಲೆ?" ಎನ್ನಬೇಕು. ಅಂದರೋ, ಹಾಳೆಗಳನ್ನು ಅವರ ಕೈಗಿಟ್ಟು ಎದ್ದು ಬರಬೇಕು. ಮುಂದಿನದನ್ನು ಅವರೇ ಓದಿಕೊಳ್ಳುತ್ತಾರೆ. ನನ್ನ ಹತ್ತಿರ ಬಂದವರಿಗೆಲ್ಲ ನಾನು ಕಲಿಸುವ ಮೊದಲ ಪಾಠವೇ ಇದು. ಕೊನೆಯನ್ನು ಮಾತ್ರ ಪ್ರಾಣ ಹೋದರೂ ಹೇಳಕೂಡದು.

ನಾದಿನಿಯ ಚಿತ್ರಕಥೆಯನ್ನು ಹಲವು ಕಡೆ ಕೊಟ್ಟೆವು. ಒಬ್ಬರೂ ಓದಲಿಲ್ಲ. ಒಂದು ಕಚೇರಿಯಲ್ಲಂತೂ ಅವಳ ಹಾಳೆಗಳ ಕಟ್ಟು, ನೀರಿನ ಫಿಲ್ಟರ್ ಅಲುಗದಿರಲೆಂದು ಅದರ ಕಾಲಿನ ಕೆಳಗೆ ಕೂತಿತ್ತು. ನಾನು ಫಿಲ್ಟರನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದರಲ್ಲಿ ಕಟ್ಟನ್ನು ಎಳೆದುಕೊಂಡು, ಅಲ್ಲಿದ್ದವರಿಗೆಲ್ಲ ಮಂಗಳಾರತಿ ಮಾಡಿ ಬಂದೆ. ನಾದಿನಿ ಮನೆಗೆ ಬಂದು ಒದ್ದೆಯಾದ ಹಾಳೆಗಳನ್ನು ಬಿಸಿಲಿಗೆ ಹರವಿದಳು.

"ಇನ್ನೊಂದೇ ಒಂದು ಸಲ ಅತ್ತಿಗೆ," ಅಂದಳು. "ಓದಿ ಬೇಡ ಅಂದ್ರೆ ನಂಗೇನೂ ಬೇಜಾರಿಲ್ಲ. ಓದ್ದೇನೇ ಬೇಡ ಅಂತಾರಲ್ಲ, ಅದು ತಡಿಯೋಕಾಗಲ್ಲ. ಈ ಸಲನೂ ಯಾರೂ ಓದಲಿಲ್ಲ ಅಂದ್ರೆ ನಾನು ಪೆನ್ನು ಮುಟ್ಟಲ್ಲ."

ಅವಳು ಹಟಕ್ಕೆ ಬಿದ್ದರೆ ಬಿದ್ದಳೇ. ಅವಳು ಬರೆಯುವುದನ್ನು ಬಿಟ್ಟರೆ ನಮ್ಮ ಮನೆ ಹೇಗಿರುತ್ತದೆಂದು ನೆನೆಸಿಕೊಂಡೇ ನನಗೆ ಸಂಕಟವಾಯಿತು. ಹಾಗಾಗಿ ಎಲ್ಲರಿಗಿಂತ ದೊಡ್ಡ ನಿರ್ಮಾಪಕರನ್ನೇ ಹಿಡಿದೆ. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಾರೆ. ಅವರು ಕಥೆ ಕೇಳುತ್ತಾರೆಯೇ ಹೊರತು ಓದುವುದಿಲ್ಲ ಎಂಬುದು ಊರಿಗೇ ಗೊತ್ತು, ಆದರೂ ಅವರ ಬಾಯಲ್ಲಿ "ಆಮೇಲೆ?" ಅನ್ನಿಸಿಬಿಡುತ್ತೇನೆಂಬ ಜಂಬ ನನಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅವರ ಮ್ಯಾನೇಜರನ್ನು ಕಾಡಿ, ಬೇಡಿ, ಕೊನೆಗೆ ಹೆದರಿಸಿ, ಒಂದು ಬೆಳಿಗ್ಗೆ ಭೇಟಿಗೆ ಅವಕಾಶ ಗಿಟ್ಟಿಸಿದೆ.

"ಬಾಯಿಗೆ ಬೀಗ," ಎಂದೆ ಲಿಫ್ಟಿನಲ್ಲಿ. "ಮಾತಾಡೋದು ನಾನು. ನೀನು ಸುಮ್ನೆ ನಗ್ತಾ ಕೂತಿರು."

"ಹೂಂ," ಅಂದಳು.

ಯಜಮಾನರ ಕೋಣೆಗೆ ಒಂದು ಕಡೆ ಪೂರ್ತಿ ಗಾಜಿನ ಗೋಡೆ. ಮೇಜಿನ ಮೇಲೆ ಮೂರು ಫೋನು, ಒಂದೂ ಹಾಳೆ ಇಲ್ಲ. ನಾನು ಶುರುಮಾಡಿದೆ: ಅಕ್ಕ ತಂಗಿ ಇಬ್ಬರು, ಅಪ್ಪ ಬಿಟ್ಟು ಹೋದ ಒಂದೇ ಮನೆ, ಅದು ಯಾರದೆಂದು ಇಬ್ಬರೂ ಕೋರ್ಟಿಗೆ ಹೋಗುತ್ತಾರೆ, ವರ್ಷಾನುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ತೀರ್ಪಿನ ದಿನ ಬರುತ್ತದೆ. ಅಲ್ಲಿಗೆ ನಿಲ್ಲಿಸಿದೆ. ನಾನು "ಆಮೇಲೆ?"ಗಾಗಿ ಕಾದೆ.

ಯಜಮಾನರು ಕನ್ನಡಕ ತೆಗೆದು ಒರೆಸಿದರು.

"ನೋಡೋಣ," ಅಂದರು.

ಅವರ ಕೈ ಆಗಲೇ ಫೋನಿನ ಮೇಲಿತ್ತು. ಏಳೋಣವೆಂದು ನಾದಿನಿಯ ಕಡೆ ತಿರುಗಿದೆ. ಸಿನಿಮಾ ಮಂದಿರದ ಕತ್ತಲಲ್ಲಿ ಕಾಣುವ ಅದೇ ಮುಖ! ಬೇಡವೇ ಮಾರಾಯ್ತಿ ಎಂದು ಮೇಜಿನ ಕೆಳಗೆ ಅವಳ ತೊಡೆಗೆ ಚಿವುಟಿದೆ. ತಡವಾಗಿತ್ತು.

"ಅಕ್ಕನೇ ಗೆಲ್ತಾಳೆ ಸರ್," ಅಂದಳು ನಾದಿನಿ. "ಗೆದ್ದು, ಆ ಮನೆ ಬೀಗದ ಕೈನ ಸೋತಿರೋ ತಂಗಿ ಕೈಗೆ ಕೊಡ್ತಾಳೆ. ಕೊಟ್ಟು, 'ಹಿಂದಿನ ಕೋಣೆ ನಂಗೆ ಬಾಡಿಗೆಗೆ ಕೊಡ್ತೀಯಾ?' ಅಂತ ಕೇಳ್ತಾಳೆ. ಅಲ್ಲಿಗೆ ಮುಗೀತು."

ನಾನು ಕಣ್ಣು ಮುಚ್ಚಿದೆ. ಊಟಕ್ಕೆ ಕರೆದು ಬಾಗಿಲಲ್ಲೇ ಪಾಯಸ ಕುಡಿಸಿ ಕಳಿಸಿದ ಹಾಗಾಯಿತು.

"ಯಾಕೆ?" ಎಂಬ ದನಿ ಕೇಳಿತು.

ಕಣ್ಣು ಬಿಟ್ಟೆ. ಕೇಳಿದವರು ಯಜಮಾನರು. ಅವರ ಕೈ ಫೋನಿನಿಂದ ಈಚೆ ಬಂದಿತ್ತು.

"ಅಷ್ಟು ವರ್ಷ ಬಡಿದಾಡಿ ಗೆದ್ದೋಳು ಯಾಕಮ್ಮ ಕೊಡ್ತಾಳೆ? ತಲೆ ಕೆಟ್ಟಿದ್ಯಾ ಅವ್ಳಿಗೆ?"

"ಇಲ್ಲ ಸರ್."

"ಮತ್ಯಾಕೆ?"

ನಾದಿನಿ ಹಾಳೆಗಳ ಕಟ್ಟನ್ನು ಹೊರತೆಗೆದಳು. "ಅದನ್ನ ಬಾಯಲ್ಲಿ ಹೇಳೋಕೆ ಬರಲ್ಲ ಸರ್. ಅದನ್ನ ಹೇಳೋಕೇ ಇಷ್ಟೂ ಹಾಳೆ ಬರ್ದಿದ್ದು," ಎಂದು ಕಟ್ಟನ್ನು ಮೇಜಿನ ಮೇಲಿಟ್ಟಳು. ನೀರು ಕುಡಿದು ಒಣಗಿದ ಹಾಳೆಗಳು ಹಪ್ಪಳದಂತೆ ಸೊಟ್ಟಗಿದ್ದವು.

ನನ್ನ ನಿಘಂಟಿನಲ್ಲಿ "ಯಾಕೆ" ಎಂಬ ಪದವೇ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವಳ ಕೈ ಹಿಡಿದು ಹೊರಗೆ ಬಂದೆ. ಗಾಜಿನ ಗೋಡೆಯ ಆಚೆಗಿದ್ದ ಬೆಂಚಿನ ಮೇಲೆ ಇಬ್ಬರೂ ಕೂತೆವು.

ಒಳಗೆ ಅವರು ಮೊದಲ ಹಾಳೆ ಎತ್ತಿಕೊಂಡರು. ಕೊನೆಯ ಪುಟಕ್ಕೆ ಹಾರುತ್ತಾರೆಂದು ನೋಡಿದೆ. ಹಾರಲಿಲ್ಲ, ಕೊನೆ ಅವರಿಗಾಗಲೇ ಗೊತ್ತಿತ್ತಲ್ಲ! ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಮ್ಯಾನೇಜರ್ ಕಾಫಿ ತಂದಿಟ್ಟ, ಅದು ಆರಿಹೋಯಿತು. ಭೇಟಿಗೆ ಬಂದವರು ಒಬ್ಬೊಬ್ಬರಾಗಿ ನಮ್ಮ ಬೆಂಚಿಗೆ ಸೇರಿಕೊಂಡು, ಒಳಗೆ ಏನು ನಡೀತಿದೆ ಎಂದು ಕೇಳಿದರು.

"ಓದ್ತಿದಾರೆ," ಎಂದೆ.

"ಯಾರು, ಯಜಮಾನ್ರಾ? ತಮಾಷೆ ಮಾಡ್ಬೇಡಿ!"

ನಾದಿನಿಯ ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಪುಟ ತಿರುಗಿಸ್ತಿದಾರೆ ಅತ್ತಿಗೆ," ಎಂದಷ್ಟೇ ಪಿಸುಗುಟ್ಟಿದಳು. ನನಗೂ ಅಳು ಬಂತು. ಎಣ್ಣೆ ಸೀಗೆಕಾಯಿ ಎರಡೂ ಕೈ ಹಿಡಿದುಕೊಂಡು ಆ ಬೆಂಚಿನ ಮೇಲೆ ನಾಚಿಕೆಯಿಲ್ಲದೆ ಅತ್ತವು. ಅಷ್ಟು ಖುಷಿಯಿಂದ ನಾನು ಎಂದೂ ಅತ್ತವಳಲ್ಲ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಎಂದೂ ಯಾರನ್ನೂ ಎದುರುಗೊಳ್ಳಲು ಬಾರದ ಯಜಮಾನರು ಹೊರಗೇ ಬಂದರು, ಕಟ್ಟು ಎದೆಗೆ ಒತ್ತಿಕೊಂಡಿದ್ದರು.

"ಬಾಡಿಗೆ ಕೊಡ್ತೀಯಾ ಅಂತಾಳಲ್ಲ," ಎಂದವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಗೊತ್ತಿತ್ತು ಕಣಮ್ಮ ನಂಗೆ. ಮೊದಲೇ ಹೇಳ್ಬಿಟ್ಟಿದ್ದೆ ನೀನು. ಗೊತ್ತಿದ್ದೂ ಅಳಿಸಿಬಿಟ್ಯಲ್ಲ! ಈ ಸಿನಿಮಾ ನಾನೇ ಮಾಡ್ತೀನಿ. ಬೇರೆ ಯಾರ ಹತ್ರನೂ ಹೋಗಕೂಡ್ದು."

ಬೆಂಚಿನವರೆಲ್ಲ ಎದ್ದು ನಿಂತರು. ಯಾರೋ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ನನಗೊಂದು ನಮಸ್ಕಾರ ಹೊಡೆದ. ನಾನು ಕತ್ತು ಎತ್ತಿಕೊಂಡೇ ಸ್ವೀಕರಿಸಿದೆ, ಬಿಡುತ್ತೇನೆಯೇ? ಯಜಮಾನರು ನಾದಿನಿಯನ್ನೇ ನೋಡುತ್ತ ನಿಂತಿದ್ದರು.

"ಆಮೇಲೆ?" ಅಂದರು.

"ಆಮೇಲೆ ಏನೂ ಇಲ್ಲ ಸರ್, ಕಥೆ ಅಲ್ಲಿಗೇ ಮುಗೀತು."

"ಅದಲ್ಲಮ್ಮ. ಇದಾದ ಮೇಲೆ ಏನು ಬರೀತೀಯ?"

ನಾದಿನಿ ಮೂಗು ಒರೆಸಿಕೊಂಡಳು. ಕಣ್ಣಲ್ಲಿ ಅದೇ ಹಳೆಯ ಹೊಳಪು ಬಂತು. "ಅದರ ಕೊನೇಲಿ..." ಎಂದವಳು ತಟ್ಟನೆ ನಿಲ್ಲಿಸಿ, ಚಿವುಟುತ್ತೇನೇನೋ ಎಂದು ಹೆದರಿ ನನ್ನ ಕಡೆ ನೋಡಿದಳು.

"ಹೇಳೇ," ಎಂದೆ. "ಕೊನೆಯಿಂದಲೇ ಹೇಳು."