ಮೂವರಿಗಾಗಿ ಒಂದು ಡಯಾಲಿಸಿಸ್ ಕೋಣೆ

ಟೆರೆನ್ಸ್‌ನ ವರದಿ ಬಹುತೇಕ ಮುಗಿದಿತ್ತು. ಸಣ್ಣ ಆಸ್ಪತ್ರೆಗಳಲ್ಲಿ ಆಗುವ ಖರ್ಚಿಗೆ ತಕ್ಕ ಉಪಯೋಗವಿದೆಯೇ ಎಂದು ಅಳೆಯುವುದು ಕೊಲ್ಲಿ ದೇಶದ ರೂವಿ ನಗರದ ಕಂಪೆನಿಯೊಂದರಲ್ಲಿ ಅವನ ಕೆಲಸ. ಗುಡ್ಡಗಳ ನಡುವಿನ ಈ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಬರುವವರು ಮೂವರೇ. ಕೋಣೆ ಮುಚ್ಚಿ ಅವರನ್ನು ನಿಜ್ವಾದ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು ಎಂದು ಬರೆದಿದ್ದ.

ಆ ವಾರ ಯಂತ್ರ ಕೆಟ್ಟಿತ್ತು. ಕೋಣೆಯ ನರ್ಸ್, ಶಿರ್ವದ ರೋಸಲಿಂಡ್, ಅವನನ್ನು ತಡೆದರು.

"ನಮ್ಮ ಮೂವರಲ್ಲಿ ಒಬ್ಬರನ್ನು ನಾಳೆ ಅವರ ಮಗ ತಮೀಮ್ ಕಾರಲ್ಲಿ ನಿಜ್ವಾಕ್ಕೆ ಕರ್ಕೊಂಡು ಹೋಗ್ತಾನೆ. ನೀವೂ ಒಮ್ಮೆ ಹೋಗಿ ಬನ್ನಿ. ಆಮೇಲೆ ಎಂತ ಬೇಕಾದ್ರೂ ಬರೀರಿ."

ಹೋಗಲು ಎರಡು ಗಂಟೆ, ಅಲ್ಲಿ ನಾಲ್ಕು ಗಂಟೆ. ವಾಪಸು ಬರುವಾಗ, ತಿರುವುಗಳ ದಾರಿಯಲ್ಲಿ, ಮುದುಕರ ತಲೆ ಹಿಂದಿನ ಸೀಟಿನಲ್ಲಿ ಪಕ್ಕದಲ್ಲಿದ್ದ ಟೆರೆನ್ಸ್‌ನ ಹೆಗಲಿಗೆ ಬಿತ್ತು. ಹಣೆ ಬೆವರಿ ತಣ್ಣಗಾಗಿತ್ತು. ಕರೆದರೆ ಓಗೊಡಲಿಲ್ಲ.

ಟೆರೆನ್ಸ್ ತಮೀಮ್‌ಗೆ ಕಾರು ನಿಲ್ಲಿಸಲು ಹೇಳಿ ರೋಸಲಿಂಡ್‌ಗೆ ಫೋನ್ ಮಾಡಿದ.

"ಉಸಿರು ಉಂಟಾ?" ರೋಸಲಿಂಡ್ ಕೇಳಿದರು.

"ಉಂಟು ಸಿಸ್ಟರ್. ನಾಡಿ ಸರಿಯಾಗಿ ಸಿಗ್ತಾ ಇಲ್ಲ."

"ಬಿಪಿ ಇಳಿದಿರ್ಬೇಕು. ಮಲಗಿಸಿ, ಕಾಲು ಎತ್ತಿ ಹಿಡೀರಿ. ಎಷ್ಟು ದೂರ ಉಂಟು?"

"ನಲವತ್ತು ಕಿಲೋಮೀಟರ್."

"ಇಲ್ಲಿಗೇ ಬನ್ನಿ. ಕಾಲು ಕೆಳಗೆ ಬಿಡ್ಬೇಡಿ."

"ಯಲ್ಲಾ!" ಹೊರಡು ಎಂದು ಟೆರೆನ್ಸ್ ತಮೀಮ್‌ಗೆ ಅರಬ್ಬಿಯಲ್ಲಿ ಕೂಗಿದ. ಕಾರು ಚಿಮ್ಮಿತು. ಸೀಟಿನ ಸಂದಿಯಲ್ಲಿ ಮಂಡಿಯೂರಿ ಮುದುಕರ ಎರಡೂ ಕಾಲುಗಳನ್ನು ತನ್ನ ಎದೆಗೆ ಒತ್ತಿ ಹಿಡಿದ. ಒಂದೊಂದು ಉಸಿರಿಗೂ ಕಾದ. ಪ್ರತಿ ತಿರುವಿನಲ್ಲೂ ತಮೀಮ್ ಹರಕು ಹಿಂದಿಯಲ್ಲಿ ಕೇಳುತ್ತಿದ್ದ.

"ಬಾಬಾ ಠೀಕ್?"

"ಠೀಕ್. ತುಮ್ ಚಲಾವೋ."

ಠೀಕೋ ಅಲ್ಲವೋ ಅವನಿಗೇ ತಿಳಿದಿರಲಿಲ್ಲ.

ಗೇಟಿನಲ್ಲೇ ರೋಸಲಿಂಡ್ ಸ್ಟ್ರೆಚರ್ ಹಿಡಿದು ನಿಂತಿದ್ದರು. ಸಲೈನ್ ಹನಿಯತೊಡಗಿ ಅರ್ಧ ಗಂಟೆಯಾದ ಮೇಲೆ ಮುದುಕರು ಕಣ್ಣು ತೆರೆದು ಮಗನನ್ನು ಕರೆದರು. ತಮೀಮ್ ಗೋಡೆಗೆ ಮುಖ ಮಾಡಿ ಅತ್ತ.

ಮರುದಿನ ಟೆರೆನ್ಸ್ ಪ್ರಯಾಣದ ಗಂಟೆಗಳನ್ನೂ ತಮೀಮ್ ಕೆಲಸ ಬಿಡಬೇಕಾದ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿದ. ಆದರೂ ಕೋಣೆ ದುಬಾರಿಯೇ. ಅಂಕಿಗಳನ್ನು ಸ್ವಲ್ಪ ತಿದ್ದಿಬಿಡಲೇ ಅನಿಸಿತು, ತಿದ್ದಲಿಲ್ಲ. ದುಬಾರಿ ಎಂದೇ ಬರೆದ. ಅದರ ಕೆಳಗೆ, ಮುಚ್ಚಬಾರದು ಎಂದೂ ಬರೆದ.

ಮೇಲಧಿಕಾರಿ ದಮಯಂತಿ ಓದಿ ಕನ್ನಡಕ ತೆಗೆದರು. "ಲೆಕ್ಕ ಒಂದು ಹೇಳ್ತದೆ, ನೀವು ಇನ್ನೊಂದು ಹೇಳ್ತೀರಿ. ಮೀಟಿಂಗಲ್ಲಿ ಕೇಳಿದ್ರೆ?"

"ನಾನೇ ಉತ್ತರ ಕೊಡ್ತೇನೆ ಮ್ಯಾಡಂ."

ಕೇಳಿದರು. ಮೀಟಿಂಗಿನಲ್ಲಿದ್ದವರು ಒಂದು ಗಂಟೆ ಅವನನ್ನು ನಿಲ್ಲಿಸಿಕೊಂಡೇ ಕೇಳಿದರು. ಕೊನೆಗೆ, ಕೋಣೆ ಒಂದು ವರ್ಷ ಇರಲಿ, ಆಮೇಲೆ ನೋಡೋಣ ಎಂದರು.

ಟೆರೆನ್ಸ್ ರೋಸಲಿಂಡ್‌ಗೆ ಫೋನ್ ಮಾಡಿ ಸುದ್ದಿ ತಿಳಿಸಿದ.

"ಒಂದೇ ವರ್ಷವಾ?"

"ಅಷ್ಟೇ ಸಿಕ್ಕಿದ್ದು ಸಿಸ್ಟರ್."

"ಆಯ್ತು. ಮೂವರಿಗೂ ನಾನೇ ಹೇಳ್ತೇನೆ," ಎಂದು ಫೋನ್ ಇಟ್ಟರು.