ಎರಡು ಡಿ ತೆಗೆದವಳು

"ಏ ದೆಲ್ಫೀನ್, ಆ ಭುಜ ಬಿಟ್ಟು ಟವೆಲ್ ಮಡಿಸು ಹೋಗು. ಫಿಸಿಕ್ಸಲ್ಲಿ ಡಿ, ಕೆಮಿಸ್ಟ್ರಿಯಲ್ಲಿ ಡಿ. ನಿನ್ನನ್ನ ದನದ ಆಸ್ಪತ್ರೆಗೂ ಸೇರಿಸ್ಕೊಳ್ಳಲ್ಲ, ತಿಳ್ಕೋ!"

ಡಾಕ್ಟರ್ ಪ್ರೆಸ್ಕಾಟ್ ಇದನ್ನು ಹೇಳಿದ್ದು ಹದಿನಾಲ್ಕು ಜನ ರೋಗಿಗಳ ಎದುರಿಗೆ, ಕೈಯಲ್ಲಿ ಕಾಫಿ ಲೋಟ ಹಿಡಿದು, ನಗುನಗುತ್ತ. ಹೇಳಿದವನೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ದೆಲ್ಫೀನ್ ಟವೆಲ್ಲಿನ ರಾಶಿಯನ್ನು ಮೂಲೆಗೆ ತಳ್ಳಿ ಮತ್ತೆ ಲೂಡಿ ಅತ್ತೆಯ ಭುಜಕ್ಕೆ ಕೈ ಹಾಕಿದಳು. ಒಂದು ಅಂಗೈಯಿಂದ ಬೆನ್ನಿನ ಹಲಗೆ ಮೂಳೆಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ತೋಳನ್ನು ಬೆರಳಗಲ, ಬೆರಳಗಲ ಮೇಲೆತ್ತಿದಳು. ಹಾಗೆ ಒತ್ತಿ ಹಿಡಿಯದೆ ತೋಳೆತ್ತಿದರೆ ರೋಗಿಗೆ ಜೀವ ಹೋದಷ್ಟು ನೋವು.

"ಆ ಬೋಳಿಮಗ ಒಂದಿನಾನಾರ ನಮ್ ಮೈ ಮುಟ್ಟವ್ನಾ? ನಿನ್ ಮೇಲೆ ಎಗರಾಡ್ತಾನೆ" ಎಂದಳು ಲೂಡಿ ಅತ್ತೆ.

"ಸುಮ್ಕಿರತ್ತೆ. ನನ್ ಕಾಲೇಜ್ ಸೀಟು ಅವನ ಕೈಲೈತೆ."

ಮಿಸಿಸಿಪ್ಪಿಯ ಆ ಊರಿನಲ್ಲಿ ಕೆಲಸ ಅಂತ ಇದ್ದದ್ದು ಕೋಳಿ ಕಾರ್ಖಾನೆಯಲ್ಲಿ ಮಾತ್ರ. ಪಟ್ಟಿಯ ಮೇಲೆ ಓಡಿಬರುವ ಕೋಳಿಯ ಮೂಳೆ ಬಿಡಿಸುವುದು, ಬಿಡಿಸಿದ ಮೇಲೆ ಇನ್ನೊಂದು, ಅದಾದ ಮೇಲೆ ಇನ್ನೊಂದು. ನಾಲ್ಕು ವರ್ಷ ನಿಂತರೆ ಮಣಿಕಟ್ಟು ಹೋಗುತ್ತದೆ, ಎಂಟು ವರ್ಷಕ್ಕೆ ಭುಜ. ಹೋದವರನ್ನು ಕಾರ್ಖಾನೆ ಪ್ರೆಸ್ಕಾಟನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕಳಿಸುತ್ತದೆ. ಅವನು ಆದಷ್ಟು ಬೇಗ 'ಕೆಲಸಕ್ಕೆ ಯೋಗ್ಯ' ಎಂದು ಬರೆದು ವಾಪಸು ಸಾಲಿಗೆ ನಿಲ್ಲಿಸುತ್ತಾನೆ. ಕೊಳೆತ ಕೋಳಿಯನ್ನಾದರೂ ಅವರು ಬಿಸಾಡುತ್ತಾರೆ, ಆಳನ್ನು ಬಿಸಾಡುವುದಿಲ್ಲ.

ಕಾನೂನಿನ ಪ್ರಕಾರ ಚಿಕಿತ್ಸೆ ಕೊಡಬೇಕಾದವನು ಲೈಸೆನ್ಸ್ ಇರುವ ಪ್ರೆಸ್ಕಾಟ್. ದೆಲ್ಫೀನ್ ಬರೀ ಸಹಾಯಕಿ, ಮೇಜು ಒರೆಸಬೇಕು, ಟವೆಲ್ ಮಡಿಸಬೇಕು. ಏಳು ವರ್ಷದಿಂದ ಅಷ್ಟೂ ಭುಜ, ಅಷ್ಟೂ ಮಣಿಕಟ್ಟು ನೋಡಿಕೊಂಡದ್ದು ಅವಳೇ. ಅವನು ಸಂಜೆ ಬಂದು ಹಾಳೆಗಳ ಕಟ್ಟಿಗೆ ಒಟ್ಟಿಗೆ ಸಹಿ ಗೀಚಿ ಮೀನು ಹಿಡಿಯಲು ಹೋಗುತ್ತಿದ್ದ.

ದೆಲ್ಫೀನಳಿಗೆ ಮೂವತ್ತನಾಲ್ಕು. ಫಿಸಿಯೋಥೆರಪಿ ಕಾಲೇಜು ಸೇರಿ ತನ್ನ ಹೆಸರಿನಲ್ಲೇ ಸಹಿ ಹಾಕಬೇಕು ಅನ್ನುವುದು ಅವಳಿಗಿದ್ದ ಒಂದೇ ಆಸೆ. ಅರ್ಜಿ ಹಾಕುವ ಮೊದಲೇ ಕೆಲವು ವಿಜ್ಞಾನ ವಿಷಯಗಳನ್ನು ಪಾಸು ಮಾಡಿರಬೇಕು, ಅವುಗಳ ಸರಾಸರಿ ಮೂರು ಇರಬೇಕು. ಎ ಅಂದರೆ ನಾಲ್ಕು, ಡಿ ಅಂದರೆ ಒಂದು.

ಆ ಎರಡು ಡಿ ಬಂದದ್ದು ಹೀಗೆ. ಹನ್ನೊಂದು ವರ್ಷದ ಹಿಂದೆ ಅವಳವ್ವ ಒರಾ ಮೇಯ ಮಣಿಕಟ್ಟು ಊದಿ ಬೆರಳು ಮರಗಟ್ಟಿದ್ದವು. 'ಕೆಲಸಕ್ಕೆ ಯೋಗ್ಯ' ಎಂದು ಬರೆದವನು ಇದೇ ಪ್ರೆಸ್ಕಾಟ್. ಒರಾ ಮೇ ವಾಪಸು ಹೋಗಿ ಇಪ್ಪತ್ತು ದಿನ ನಿಂತಳು. ಆಮೇಲೆ ಆ ಕೈ ಒಂದು ಚಮಚ ಹಿಡಿಯಲಿಲ್ಲ, ಸಾಯುವವರೆಗೂ ಹಿಡಿಯಲಿಲ್ಲ. ಒಲೆ ಉರಿಯಬೇಕಿತ್ತಲ್ಲ, ಮಗಳು ಹೋಗಿ ಸಾಲಿನಲ್ಲಿ ನಿಂತಳು. ಬೆಳಗಿನಿಂದ ಕೋಳಿ, ಸಂಜೆ ಕ್ಲಾಸು. ಪರೀಕ್ಷೆಯ ದಿನ ದೆಲ್ಫೀನಳ ಬಲಗೈ ಬೆರಳು ಪೆನ್ನಿನ ಸುತ್ತ ಮುಚ್ಚಲೇ ಇಲ್ಲ. ಉತ್ತರ ಗೊತ್ತಿತ್ತು, ಪ್ರಶ್ನೆಪತ್ರಿಕೆಯನ್ನು ನೋಡುತ್ತ ಕೂತು ಎದ್ದುಬಂದಳು.

ಮೂರು ವರ್ಷದ ಹಿಂದೆ ಕಾಲೇಜಿನ ಆಫೀಸಿಗೆ ಫೋನು ಮಾಡಿದ್ದಳು. ಅಲ್ಲಿನ ಗುಮಾಸ್ತೆ ಬರ್ನಿಸ್ ಅವರ ಕೇರಿಯವಳೇ.

"ಎಲ್ಡೂ ತಿರ್ಗಾ ಓದಿ ಎ ತಗಂಡಿವ್ನಿ ಕಣಕ್ಕ. ಹಳೇದ್ನ ಹೊಡ್ದಾಕ್ತಾರೆ ಅಲ್ವಾ?"

"ಇಲ್ಲ ಕಣಮ್ಮಿ. ಒಂದು, ನಾಕು, ಎಲ್ಡೂ ಕೂಡ್ಸಿ ಅರ್ಧ ಮಾಡ್ತಾರೆ. ಎರಡೂವರೆ ಆಯ್ತದೆ."

"ಅಂಗಾರೆ ಆ ಡಿ ಬರಾಕೂ ಮುಂಚೆ ಬಯಾಲಜಿಲಿ, ಶರೀರಶಾಸ್ತ್ರದಲ್ಲಿ ಎ ತಗಂಡಿದ್ನಲ್ಲ?"

"ಆಗ್ಲಿಂದ ನೀ ಅರ್ಜಿ ಹಾಕೋ ಹೊತ್ಗೆ ಹತ್ ವರ್ಷ ದಾಟ್ತದೆ. ಆ ಪಾಸು ನಡ್ಯಾಕಿಲ್ಲ. ತಿರ್ಗಾ ಓದ್ಬೇಕು."

"ಇದ್ಯಾವ್ ಸೀಮೆ ನ್ಯಾಯ! ಹಳೇ ಎ ಸತ್ತೋಯ್ತದೆ, ಹಳೇ ಡಿ ಸಾಯಾಕಿಲ್ವಾ?"

"ರೂಲ್ಸು ನಾನ್ ಮಾಡಿಲ್ಲ ಮಗಾ" ಎಂದಳು ಬರ್ನಿಸ್.

ದೆಲ್ಫೀನ್ ಅವನ್ನೂ ಮತ್ತೆ ಓದಿದಳು. ದಿನವಿಡೀ ಭುಜ ಎತ್ತಿ ಬಂದವಳಿಗೆ ಪುಸ್ತಕದ ಮೇಲೆ ತಲೆ ನಿಲ್ಲಲಿಲ್ಲ, ಬಿ ಬಂತು. ಒಟ್ಟು ಸರಾಸರಿ ಮೂರಕ್ಕೆ ಕಾಲು ಕಡಿಮೆ ನಿಂತಿತು. ಅಷ್ಟು ಕಡಿಮೆಯಿದ್ದವರನ್ನು ಒಳಗೆ ಬಿಡಲು ಒಂದು ಕಿಂಡಿಯಿತ್ತು. ಆಯ್ಕೆ ಸಮಿತಿಯಲ್ಲಿರುವ ಥೆರಪಿಸ್ಟ್ ಒಬ್ಬರು, ಇವಳ ಕೈಗುಣ ಕಣ್ಣಾರೆ ಕಂಡಿದ್ದೇನೆ ಎಂದು ಕಾಗದ ಬರೆದುಕೊಟ್ಟರೆ ಸಾಕು. ಆ ಸಮಿತಿಯಲ್ಲಿ ಊರಿನವನು ಒಬ್ಬನೇ, ಪ್ರೆಸ್ಕಾಟ್. ಎರಡು ವರ್ಷ "ಮುಂದಿನ ಸಲ" ಎಂದು ತಳ್ಳಿದ. ಕರೆಯುವ ಹಸುವನ್ನು ಯಾರು ಬಿಟ್ಟುಕೊಡುತ್ತಾರೆ? ಈ ಸಲ ಮಾತ್ರ "ಕಳಿಸಿದ್ದೀನಿ, ಚಿಂತೆ ಬೇಡ" ಅಂದಿದ್ದ. ದೆಲ್ಫೀನ್ ಅವತ್ತು ಖುಷಿಗೆ ಪೀಚ್ ಹಣ್ಣಿನ ಕಡುಬು ಮಾಡಿ ಅವನ ಮನೆಗೂ ಒಂದು ತಟ್ಟೆ ಕೊಟ್ಟುಬಂದಿದ್ದಳು. ಅದನ್ನು ನೆನೆದರೆ ಈಗಲೂ ಅವಳಿಗೆ ಮೈ ಉರಿಯುತ್ತದೆ.

ಎರಡು ಡಿಯ ಮಾತಾಡಿ ಹಂಗಿಸಿದ ಆ ದಿನವೇ ಮಧ್ಯಾಹ್ನ ಬರ್ನಿಸಳ ಫೋನು ಬಂತು.

"ನಾನ್ ಹೇಳ್ದೆ ಅನ್ಬ್ಯಾಡ. ಆ ಹಲ್ಕಾ ನನ್ಮಗ ಏನ್ ಬರ್ದವ್ನೆ ಕೇಳು. 'ಈಕೆ ನಿಷ್ಠಾವಂತೆ. ಟವೆಲ್ ಮಡಿಸುವುದರಲ್ಲಿ ಚುರುಕು. ರೋಗಿಗಳಿಗೆ ಚಿಕಿತ್ಸೆ ಕೊಟ್ಟ ಅನುಭವವಿಲ್ಲ, ನಾನು ಕೊಡುವಾಗ ಬರೀ ನೋಡಿದ್ದಾಳೆ. ಆ ಎರಡು ಡಿ ಗ್ರೇಡುಗಳೇ ಈಕೆಯ ನಿಜವಾದ ಯೋಗ್ಯತೆ.' ಇಷ್ಟೇಯ. ಸೋಮಾರ ಸಮಿತಿ ಕೂರ್ತದೆ, ನಿನ್ ಅರ್ಜಿ ಹೊಡ್ದಾಕ್ತಾರೆ ಕಣವ್ವ."

ದೆಲ್ಫೀನ್ ಫೋನು ಇಟ್ಟಳು. ಅಳು ಬರಲಿಲ್ಲ. ಲೂಡಿ ಅತ್ತೆ ಇನ್ನೂ ಶಾಖದ ಚೀಲ ಇಟ್ಟುಕೊಂಡು ಮಲಗಿದ್ದಳು, ಅವಳ ಕಿವಿಗೆ ಬಗ್ಗಿ ಎಲ್ಲ ಹೇಳಿದಳು. ಲೂಡಿ ಅತ್ತೆ ಒರಾ ಮೇಯ ಪಕ್ಕದಲ್ಲೇ ಸಾಲಿನಲ್ಲಿ ನಿಂತು ಕೋಳಿ ಬಿಡಿಸಿದವಳು.

"ಗುರುವಾರ ಕಾಲೇಜಿನ ಪ್ರೊಫೆಸರಮ್ಮ ಬರ್ತಾಳೆ ಅಂದ್ಯಲ್ಲ, ಅವನ ಹತ್ರ ಹುಡುಗ್ರನ್ನ ಕಲಿಯಾಕೆ ಕಳಿಸ್ಬೌದಾ ಅಂತ ನೋಡಾಕೆ?"

"ಊಂ."

"ನೀ ನೋಡೋಳು ಅಂತ ಬರ್ದವ್ನಲ್ಲ. ನೋಡು ಮತ್ತೆ. ನೀ ನಮ್ಮನ್ನ ಮುಟ್ಬ್ಯಾಡ, ಅವನೇ ಮಾಡ್ಲಿ."

"ನಿಂಗ್ ನೋವಾಯ್ತದೆ ಅತ್ತೆ."

"ಇಪ್ಪತ್ ವರ್ಷ ನೋವ್ ತಿಂದಿವ್ನಿ. ಒಂದಿನ ನಂಗೋಸ್ಕರ ತಿಂತೀನಿ ಬುಡು."

ಗುರುವಾರ ಪ್ರೆಸ್ಕಾಟ್ ಹೊಸ ಟೈ ಕಟ್ಟಿಕೊಂಡು ಬಂದ. ಪ್ರೊಫೆಸರ್ ಕ್ಲೇಬರ್ನ್ ನರೆಗೂದಲಿನ ಹೆಂಗಸು, ಆಯ್ಕೆ ಸಮಿತಿಗೂ ಅವಳೇ ಮುಖ್ಯಸ್ಥೆ. ಜೊತೆಗೆ ಇಬ್ಬರು ವಿದ್ಯಾರ್ಥಿಗಳು. ರೋಗಿಗಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.

"ದೆಲ್ಫೀನ್, ಶುರು ಮಾಡು" ಎಂದ ಪ್ರೆಸ್ಕಾಟ್, ದಿನದ ಅಭ್ಯಾಸದಂತೆ.

ದೆಲ್ಫೀನ್ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಕೈಯೆರಡೂ ತೊಡೆಯ ಮೇಲೆ.

"ಏನ್ ಮಾಡ್ತಿದೀಯ?"

"ನೋಡ್ತಾ ಇವ್ನಿ ಸಾರ್. ನೀವ್ ಮಾಡಿ."

ಪ್ರೆಸ್ಕಾಟ್ ನಕ್ಕ. ಪ್ರೊಫೆಸರ್ ಕಡೆ ತಿರುಗಿ, ಈ ಜನವೇ ಹೀಗೆ ಅನ್ನುವ ಹಾಗೆ ಹುಬ್ಬೇರಿಸಿದ. ಆಮೇಲೆ ಲೂಡಿ ಅತ್ತೆ ಮಲಗಿದ್ದ ಮೇಜಿನ ಬಳಿ ಹೋಗಿ ಎರಡೂ ಭುಜಗಳನ್ನು ನೋಡಿದ.

"ನೋವು ಯಾವ ಕಡೆ?"

ಲೂಡಿ ಅತ್ತೆ ಇಡೀ ಕ್ಲಿನಿಕ್ಕಿಗೆ ಕೇಳುವ ಹಾಗೆ ಹೇಳಿದಳು: "ಇಪ್ಪತ್ಮೂರು ಕಿತ ನನ್ ತೋಳ್ ಹಿಡಿದಿವ್ನಿ ಅಂತ ಸೈನ್ ಹಾಕಿದೀಯಲ್ಲ ಸಾರ್, ಯಾವ್ ತೋಳು ಅಂತ ನನ್ನೇ ಕೇಳ್ತೀಯ?"

ಬೆಂಚಿನಲ್ಲಿ ಯಾರೋ ಫಕ್ಕನೆ ನಕ್ಕರು. ಪ್ರೊಫೆಸರ್ ಮಾತ್ರ ನಗದೆ, ಹಾಳೆಗಳ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು. ಪ್ರೆಸ್ಕಾಟ್ ಲೂಡಿ ಅತ್ತೆಯ ಬಲಗೈ ಹಿಡಿದ. ಅವಳು ಅಲ್ಲವೆಂದು ತಲೆಯಾಡಿಸಿದಳು. ಎಡಗೈ ಹಿಡಿದು ಒಂದೇ ಏಟಿಗೆ ಮೇಲೆತ್ತಿಬಿಟ್ಟ, ಬೆನ್ನಿನ ಹಲಗೆ ಮೂಳೆಯ ಮೇಲೆ ಕೈಯಿಡದೆ.

ಆ ಕಿರುಚು ಕೇಳಿ ವಿದ್ಯಾರ್ಥಿಗಳು ಹಿಂದಕ್ಕೆ ಸರಿದರು.

"ಹಲಗೆ ಮೂಳೆ ಹಿಡೀರಿ! ಇದು ಮೊದಲ ವರ್ಷದ ಪಾಠ ಅಲ್ವಾ!" ಪ್ರೊಫೆಸರ್ ಎದ್ದುನಿಂತಳು. "ಇಷ್ಟು ದಿನ ಇವರಿಗೆ ಚಿಕಿತ್ಸೆ ಕೊಟ್ಟದ್ದು ಯಾರು?"

ಬೆಂಚಿನಲ್ಲಿದ್ದವರೆಲ್ಲ ಪ್ರೆಸ್ಕಾಟನನ್ನೇ ನೋಡಿದರು. ಅವನ ಕತ್ತು ಕೆಂಪಾಗಿತ್ತು. ಗೋಡೆಯ ಬಳಿ ಬಂದು ದೆಲ್ಫೀನಳ ಕಿವಿಯ ಹತ್ತಿರ ಬಗ್ಗಿದ.

"ಏಳಮ್ಮ. ಇವತ್ತೊಂದು ದಿನ ಮಾಡಿಕೊಡು. ಆ ಕಾಗದ ಬದಲಾಯಿಸ್ತೀನಿ, ಈಗಲೇ ಬರೀತೀನಿ. ಸೀಟು ನಿಂದೇ. ದಮ್ಮಯ್ಯ."

ಏಳು ವರ್ಷದಲ್ಲಿ ಅವನು ಅಮ್ಮ ಅಂದದ್ದು ಅದೇ ಮೊದಲು. ದೆಲ್ಫೀನಳ ಬೆರಳು ತಾವಾಗಿಯೇ ಬಿಚ್ಚಿಕೊಂಡವು. ಎದ್ದು ಹತ್ತು ಹೆಜ್ಜೆ ಹೋದರೆ ಲೂಡಿ ಅತ್ತೆಯ ನೋವು ಇಳಿಯುತ್ತದೆ, ಕಾಲೇಜಿನ ಬಾಗಿಲೂ ತೆರೆಯುತ್ತದೆ. ತನ್ನ ಹೆಸರಿನಲ್ಲೇ ಸಹಿ ಹಾಕುವ ದಿನ ಬರುತ್ತದೆ. ಬೇಕಿತ್ತು, ಹಸಿದವಳಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಆದರೆ ಅವನ ಹಣೆಯ ಬೆವರು ಕಂಡು ಅವಳಿಗೆ ಎಂದೂ ಆಗದಷ್ಟು ಸಂತೋಷವಾಯಿತು. ಲೂಡಿ ಅತ್ತೆ ನರಳುವಾಗ ಸಂತೋಷಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಏಳಲಿಲ್ಲ.

"ನಂಗೇನ್ ಬತ್ತದೆ ಸಾರ್?" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಾನ್ ಬರೀ ನೋಡೋಳು. ನೀವೇ ಬರ್ಕೊಟ್ಟಿದೀರಲ್ಲ. ಮೇಡಮ್ಮೂ ಓದಿರ್ತಾರೆ."

ಪ್ರೊಫೆಸರ್ ಸರಸರ ಮೇಜಿನ ಹತ್ತಿರ ನಡೆದಳು. ತಾನೇ ಹಿಡಿಯಲೆಂದು ಕೈ ಚಾಚಿದಳು. ಲೂಡಿ ಅತ್ತೆ ಬಲಗೈಯಿಂದ ಅವಳನ್ನು ತಡೆದಳು.

"ನೀವು ಒಸಿ ದೂರ ನಿಂತ್ಕಂಡು ನೋಡಿ ಮೇಡಮ್. ಅವ್ನೇ ಮಾಡ್ಲಿ."

ಬೆಂಚಿನಲ್ಲಿ ಕೂತವರು, ಮುಂದಿನ ಸರದಿ ತಮ್ಮದು ಎಂಬಂತೆ, ಒಬ್ಬೊಬ್ಬರಾಗಿ ಅಂಗಿಯ ಗುಂಡಿ ಬಿಚ್ಚಿ ಭುಜ ತೋರಿಸತೊಡಗಿದರು. ಲೂಡಿ ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಹಲ್ಲು ಕಚ್ಚಿ ಆ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಪ್ರೆಸ್ಕಾಟನ ಮುಂದೆ ಹಿಡಿದಳು.

"ಬಾ ಸಾರ್. ಇನ್ನೊಂದ್ ಕಿತ ಎತ್ತು."